ಹಳೆಯದನ್ನು ಯಾವಾಗ ತೆಗೆಯಬೇಕು?



ಕಳೆದ ತಿಂಗಳು ಬೆಂಗಳೂರಿನಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿ, "ಸರ್, ನೀವು 2006ರಾಗ ಮಾಡಿದ್ದ ತಪ್ಪನ್ನ ಇವತ್ತ ನಮ್ಮ ಆಫೀಸಿನಾಗ ಒಬ್ಬ ಹುಡುಗ ಮಾಡಿದ ನೋಡ್ರಿ" ಎಂದು ನಕ್ಕ. ನಾನೂ ನಕ್ಕೆ. ಆದರೆ ಫೋನು ಇಟ್ಟ ಮೇಲೆ ಬಹಳ ಹೊತ್ತು ಸುಮ್ಮನೆ ಕುಳಿತೆ. ಆ ತಪ್ಪಿನ ಕಥೆಯನ್ನು ಎಂದಾದರೂ ಬರೆಯಬೇಕೆಂದುಕೊಂಡಿದ್ದೆ. ಇಂದು ಬರೆಯುತ್ತಿದ್ದೇನೆ.

ನಿವೃತ್ತನಾದ ಮರುವರ್ಷ ಈ ಹುಡುಗ (ಈಗ ಅವನಿಗೂ ತಲೆ ನರೆತಿದೆ, ಆದರೂ ನನಗೆ ಹುಡುಗನೇ) ತಾನು ಬಳಸಿ ಬಿಟ್ಟ ಗಣಕಯಂತ್ರವನ್ನು ಗುತ್ತಲದ ನಮ್ಮ ಮನೆಗೆ ತಂದು ಕೂಡಿಸಿದ. ಪೆಂಟಿಯಂ ಮೂರು, 256 ಎಂಬಿ ಸ್ಮರಣೆ. ಅದರಲ್ಲಿ ವಿಂಡೋಸ್ ಇರಲಿಲ್ಲ, ಜೆಂಟೂ ಎಂಬ ಲಿನಕ್ಸ್ ಇತ್ತು. ನೀರಿನಲ್ಲಿ ಅತಿ ವೇಗವಾಗಿ ಈಜುವ ಪೆಂಗ್ವಿನ್ ಜಾತಿಯೊಂದರ ಹೆಸರು ಅದು. ಡೇನಿಯಲ್ ರಾಬಿನ್ಸ್ ಎಂಬವರು ಆರಂಭಿಸಿದ ಈ ವ್ಯವಸ್ಥೆಯ ಮೊದಲ ಪೂರ್ಣ ಆವೃತ್ತಿ 2002ರಲ್ಲಿ ಬಂದಿತ್ತು.

ಇದರ ವಿಶೇಷವನ್ನು ನಮ್ಮ ಕಡೆಯ ಮಾತಿನಲ್ಲಿಯೇ ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಖಾರದ ಪುಡಿಯ ಪೊಟ್ಟಣ ಸಿಗುತ್ತದೆ. ತಂದು ಒಡೆದರೆ ಮುಗಿಯಿತು. ಆದರೆ ನಮ್ಮ ತಾಯಂದಿರು ಬ್ಯಾಡಗಿ ಮೆಣಸಿನಕಾಯಿ ತಂದು, ಬಿಸಿಲಿಗೆ ಹಾಕಿ, ತೊಟ್ಟು ಮುರಿದು, ಬಣ್ಣಕ್ಕೆ ಅದು ಇಷ್ಟು, ಖಾರಕ್ಕೆ ಗುಂಟೂರಿನದು ಇಷ್ಟು ಎಂದು ಬೆರೆಸಿ, ನಮ್ಮ ಮನೆಗೆ ಬೆಳ್ಳುಳ್ಳಿ ಬೇಕು, ಪಕ್ಕದ ಮನೆಗೆ ಬೇಡ ಎಂದು ನಿರ್ಧರಿಸಿ, ವರ್ಷಕ್ಕಾಗುವಷ್ಟು ಮಸಾಲೆ ಖಾರ ಕುಟ್ಟಿಸುತ್ತಿದ್ದರು. ಉಳಿದ ವ್ಯವಸ್ಥೆಗಳು ಪೊಟ್ಟಣ ಕೊಡುತ್ತವೆ. ಜೆಂಟೂ ಮೆಣಸಿನಕಾಯಿಯನ್ನೇ ಕೊಡುತ್ತದೆ. ಮನುಷ್ಯರು ಬರೆದ ಮೂಲ ಬರಹವನ್ನು ತರಿಸಿಕೊಂಡು, ಯಾವುದು ಬೇಕು ಯಾವುದು ಬೇಡ ಎಂದು ಹೇಳಿ, ನಮ್ಮ ಯಂತ್ರದಲ್ಲಿಯೇ ಕುಟ್ಟಿಕೊಳ್ಳಬೇಕು. ಕುಟ್ಟುವ ಆ ಒರಳಿಗೆ ಕಂಪೈಲರ್ ಎಂದು ಹೆಸರು. ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಮೊದಲು ಹೊರತಂದ ಜಿಸಿಸಿ ಎಂಬುದೇ ಇದರ ಕಂಪೈಲರ್.

"ಮುದುಕನಿಗೆ ಇಷ್ಟು ಉಪದ್ವ್ಯಾಪ ಯಾಕಪಾ?" ಎಂದು ಕೇಳಿದೆ. ಅವನು ಹೇಳಿದ: "ನೀವ ಹೇಳತಿದ್ರಿ ಸರ್, ಉತ್ತರ ಅಷ್ಟ ಬರದ್ರ ಅರ್ಧ ಅಂಕ, ಲೆಕ್ಕಾ ಬಿಡಿಸಿದ ಕ್ರಮ ತೋರಸ್ರಿ ಅಂತ. ಇದು ಕ್ರಮಾ ತೋರಸೂ ವ್ಯವಸ್ಥಾ ರೀ." ನನ್ನ ಮಾತಿನಿಂದಲೇ ನನ್ನನ್ನು ಕಟ್ಟಿಹಾಕಿದ!

ಆ ಯಂತ್ರದಲ್ಲಿ ನಾನು ಒಂದು ಕೆಲಸ ಹಚ್ಚಿಕೊಂಡೆ. ಮೂವತ್ತೊಂದು ವರ್ಷಗಳಲ್ಲಿ ನನ್ನ ಕೈಯಲ್ಲಿ ಕಲಿತ ಮಕ್ಕಳ ಹೆಸರುಗಳು ನನ್ನ ಸ್ವಂತ ದಿನಚರಿಗಳಲ್ಲಿದ್ದವು. ಅವನ್ನು ವರ್ಷವಾರು, ತರಗತಿವಾರು ಕನ್ನಡ ಯುನಿಕೋಡಿನಲ್ಲಿ ಬೆರಳಚ್ಚು ಮಾಡತೊಡಗಿದೆ. ದಿನಕ್ಕೊಂದು ತರಗತಿ. ಹೆಸರಿನ ಮುಂದೆ ನೆನಪಿದ್ದಷ್ಟು ಟಿಪ್ಪಣಿ: ಮುಂದೆ ಓದಿದವರು, ಮದುವೆಯಾಗಿ ಹೋದವರು, ತೀರಿಕೊಂಡವರು, ಶಾಲೆ ಬಿಟ್ಟವರು. ಎರಡನೆಯ ಪ್ರತಿ ಎಲ್ಲಿಯೂ ಇಟ್ಟಿರಲಿಲ್ಲ.

2006ರ ಯುಗಾದಿಗೆ ಊರಿಗೆ ಬಂದ ಶಿಷ್ಯ ಜಿಸಿಸಿಯನ್ನು 3.3ರಿಂದ 3.4ಕ್ಕೆ ಏರಿಸಬೇಕೆಂದ. ಫೋನಿನ ತಂತಿಯ ಮೇಲೆ ಅಷ್ಟು ದೊಡ್ಡ ಕಡತಗಳು ಇಳಿಯುವುದು ಸಾಧ್ಯವಿರಲಿಲ್ಲ. ಆದ್ದರಿಂದ ಮೂಲ ಬರಹಗಳನ್ನು ಸಿಡಿಗಳಲ್ಲಿ ತುಂಬಿ ತಂದಿದ್ದ. ರಜೆ ಮುಗಿದು ಹೊರಡುವಾಗ ಒಂದು ಹಾಳೆಯ ಮೇಲೆ ಕ್ರಮ ಬರೆದುಕೊಟ್ಟ: ಮೊದಲು ಹೊಸ ಕಂಪೈಲರನ್ನು ಕಟ್ಟಬೇಕು. ನಂತರ ಯಂತ್ರಕ್ಕೆ ಇನ್ನು ಮುಂದೆ ಹೊಸದನ್ನು ಬಳಸು ಎಂದು ಹೇಳಬೇಕು. ಆಮೇಲೆ ಇಡೀ ವ್ಯವಸ್ಥೆಯನ್ನು ಹೊಸದರಿಂದ ಮತ್ತೆ ಕಟ್ಟಬೇಕು. ಎಲ್ಲ ಮುಗಿದ ಮೇಲೆ, ಕೊನೆಗೆ, ಹಳೆಯದನ್ನು ತೆಗೆಯಬೇಕು. "ಕೊನೆಗೆ" ಎಂಬ ಶಬ್ದದ ಕೆಳಗೆ ಎರಡು ಗೆರೆ ಎಳೆದಿದ್ದ.

ಕಂಪೈಲರನ್ನು ಕಟ್ಟುವುದೇ ಒಂದು ಸೋಜಿಗ. ಕಂಪೈಲರನ್ನು ಕಟ್ಟಲು ಕಂಪೈಲರೇ ಬೇಕು. ಹಳೆಯದು ಹೊಸದನ್ನು ಕಟ್ಟುತ್ತದೆ. ಹಾಗೆ ಹುಟ್ಟಿದ ಹೊಸದು ತನ್ನನ್ನು ತಾನೇ ಮತ್ತೊಮ್ಮೆ ಕಟ್ಟಿಕೊಳ್ಳುತ್ತದೆ. ಅದು ಇನ್ನೊಮ್ಮೆ. ಎರಡನೆಯ ಹಾಗೂ ಮೂರನೆಯ ಸಲದ ಫಲಗಳನ್ನು ಹೋಲಿಸಿ, ಎರಡೂ ಒಂದೇ ಆಗಿದ್ದರೆ ಮಾತ್ರ ಸರಿ ಎಂದು ಒಪ್ಪಲಾಗುತ್ತದೆ. ಭಾಗಾಕಾರ ಮಾಡಿ ಗುಣಿಸಿ ತಾಳೆ ನೋಡಿರೆಂದು ನಿಮಗೆಲ್ಲ ಬಡಿದು ಬಡಿದು ಹೇಳುತ್ತಿದ್ದೆನಲ್ಲ, ಅದೇ ನ್ಯಾಯ.

ಮೊದಲ ರಾತ್ರಿ ಎರಡು ತಾಸಿನ ನಂತರ ಕೆಲಸ ನಿಂತುಬಿಟ್ಟಿತು. ಕೊನೆಯ ಸಾಲಿನಲ್ಲಿ "ದೋಷ 1" ಎಂದಿತ್ತು. ಫೋನಿನಲ್ಲಿ ಅದನ್ನೇ ಓದಿ ಹೇಳಿದೆ. ಅವನು, "ಕಡೀ ಸಾಲು ಬ್ಯಾಡ್ರೀ ಸರ್, ಮ್ಯಾಲ ಹೋಗ್ರಿ, ಮೊದಲನೇ ತಪ್ಪು ಎಲ್ಲೈತಿ ನೋಡ್ರಿ" ಎಂದ. ಕೊನೆಯ ಸಾಲು ಕೆಲಸ ನಿಂತಿದೆಯೆಂದು ಹೇಳುತ್ತದೆಯೇ ಹೊರತು ಏಕೆ ನಿಂತಿತೆಂದು ಹೇಳುವುದಿಲ್ಲ. ತಪ್ಪಾದ ಲೆಕ್ಕದಲ್ಲಿಯೂ ಉತ್ತರವನ್ನು ದಿಟ್ಟಿಸಿ ಪ್ರಯೋಜನವಿಲ್ಲ. ಮೂರನೆಯ ಸಾಲಿನಲ್ಲಿ ದಶಕ ಒಯ್ಯುವುದು ಮರೆತಿರುತ್ತದೆ.

ಮೇಲೆ ಹೋಗಿ ನೋಡಿದರೆ "ಸೆಗ್ಮೆಂಟೇಶನ್ ಫಾಲ್ಟ್" ಎಂದಿತ್ತು. ಮತ್ತೆ ಆರಂಭಿಸಿದೆ. ಈ ಸಲ ಬೇರೆ ಕಡತದಲ್ಲಿ ನಿಂತಿತು. ಮೂರನೆಯ ಸಲ ಇನ್ನೊಂದರಲ್ಲಿ. ಶಿಷ್ಯ ಒಂದು ಸೂತ್ರ ಹೇಳಿಕೊಟ್ಟ: ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಂತರೆ ದೋಷ ಬರಹದಲ್ಲಿದೆ. ಪ್ರತಿ ಸಲ ಜಾಗ ಬದಲಾದರೆ ದೋಷ ಯಂತ್ರದಲ್ಲಿದೆ, ಸ್ಮರಣೆಯ ಪಟ್ಟಿ ಕೆಟ್ಟಿರಬಹುದು ಅಥವಾ ಶಾಖ ಹೆಚ್ಚಿರಬಹುದು. ಏಪ್ರಿಲ್ ತಿಂಗಳ ಗುತ್ತಲದ ಸೆಕೆ ನಿಮಗೆ ಗೊತ್ತೇ ಇದೆ. ಪೆಟ್ಟಿಗೆ ಬಿಚ್ಚಿ ನೋಡಿದರೆ ಒಳಗಿನ ಪಂಖಕ್ಕೆ ಧೂಳು ಕಂಬಳಿಯಂತೆ ಹೊದ್ದುಕೊಂಡಿತ್ತು. ಬಣ್ಣದ ಕುಂಚದಿಂದ ಒರೆಸಿ, ಟೇಬಲ್ ಫ್ಯಾನನ್ನು ಎದುರಿಗಿಟ್ಟೆ. ವೇಗ ಹೆಚ್ಚಲೆಂದು ಯಾರೋ ಹೇಳಿದ್ದನ್ನು ಕೇಳಿ ನಾನು ಸೇರಿಸಿದ್ದ ಅತಿಯಾದ ಸೂಚನೆಗಳನ್ನೂ ಅಳಿಸಿ, ಸಾಮಾನ್ಯವಾದ ಎರಡನೆಯ ಹಂತಕ್ಕೆ ಇಳಿಸಿದೆ. ಬೆಳಗಿನ ಜಾವ ಹೊಸ ಕಂಪೈಲರ್ ಸಿದ್ಧವಾಗಿತ್ತು. ಮಧ್ಯೆ ಕರೆಂಟು ಹೋಗಿ ಕೆಲಸ ಮೊದಲಿನಿಂದ ಶುರುವಾದದ್ದನ್ನು ಬರೆಯಹೋದರೆ ಇನ್ನೊಂದು ಲೇಖನವೇ ಆದೀತು.

ಇಲ್ಲಿಯೇ ನನ್ನ ತಪ್ಪು ನಡೆದದ್ದು. ಹೊಸದು ಬಂದ ಹಿಗ್ಗು ಒಂದು ಕಡೆ. ಡಿಸ್ಕಿನಲ್ಲಿ ಜಾಗ ಸಾಲದೆ ಬಂದದ್ದು ಇನ್ನೊಂದು ಕಡೆ. ಇಡೀ ವ್ಯವಸ್ಥೆಯನ್ನು ಮತ್ತೆ ಕಟ್ಟಲು ವಾರವೇ ಬೇಕು. ಒಂದು ಮನೆಗೆ ಎರಡು ಒರಳು ಏಕೆ ಎಂದುಕೊಂಡು ಹಳೆಯ 3.3 ಅನ್ನು ತೆಗೆದುಬಿಟ್ಟೆ. ಹಾಳೆ ಎದುರಿಗೇ ಇತ್ತು, ಎರಡು ಗೆರೆಯೂ ಇತ್ತು!

ಮುಂದಿನ ಆಜ್ಞೆ ಕೊಟ್ಟೆ. ಯಂತ್ರ ಒಂದೇ ಸಾಲು ಹೇಳಿತು: ಇಂಥ ಗ್ರಂಥಾಲಯ ಸಿಗುತ್ತಿಲ್ಲ. ಏನು ಮಾಡಿದರೂ ಅದೇ ಸಾಲು. ಹೆಸರುಗಳ ಪಟ್ಟಿಯಿದ್ದ ಬರವಣಿಗೆಯ ತಂತ್ರಾಂಶ ತೆರೆಯಲಿಲ್ಲ. ಹಳೆಯ ಕಂಪೈಲರನ್ನು ಮರಳಿ ಹಾಕೋಣವೆಂದರೆ ಹಾಕುವ ಸಾಧನವೇ ಓಡಲಿಲ್ಲ.

ಕಾರಣ ಆಮೇಲೆ ತಿಳಿಯಿತು. ಕಂಪೈಲರ್ ಬರಿಯ ಒರಳಲ್ಲ. ಅದರ ಜೊತೆಗೆ ಒಂದು ಗ್ರಂಥಾಲಯ ಬರುತ್ತದೆ. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಬರೆದ ತಂತ್ರಾಂಶಗಳು ಓಡುವಾಗಲೆಲ್ಲ ಅದರ ನೆರವು ಕೇಳುತ್ತವೆ. 3.3ರ ಗ್ರಂಥಾಲಯದ ಸಂಖ್ಯೆ 5, 3.4ರದು 6. ಇವೆರಡರ ಮಾತುಕತೆಯ ಕಟ್ಟಳೆ ಬೇರೆ ಬೇರೆ. ಹಳೆಯದರಿಂದ ಕಟ್ಟಿದವು ಐದನ್ನೇ ಹುಡುಕುತ್ತವೆ. ಜೆಂಟೂವಿನಲ್ಲಿ ತಂತ್ರಾಂಶ ಹಾಕುವ ಸಾಧನ ಪೈಥಾನ್ ಭಾಷೆಯಲ್ಲಿದೆ. ನನ್ನ ಯಂತ್ರದ ಆ ಪೈಥಾನೂ ಐದಕ್ಕೇ ಅಂಟಿಕೊಂಡಿತ್ತು. ಏಣಿ ಹತ್ತಿದವನು ಏಣಿಯನ್ನೇ ಕಡಿದಂತಾಗಿತ್ತು.

ರಾತ್ರಿ ಹನ್ನೊಂದಕ್ಕೆ ಫೋನು ಮಾಡಿದೆ. ನನ್ನ ದನಿ ನಡುಗುತ್ತಿತ್ತೆಂದು ನನ್ನ ಮನೆಯವರು ಇಂದಿಗೂ ಹೇಳುತ್ತಾರೆ. ಆ ಕಡೆ ಒಂದು ಕ್ಷಣ ಮೌನ. "ಹಳೇದನ್ನ ತಗದ್ರೇನ್ರೀ ಸರ್?" ಎಂದ. ಅದರಲ್ಲಿ ಸಿಟ್ಟಿರಲಿಲ್ಲ. "ಹೂಂ" ಎಂದೆ. "ನಿಮ್ಮ ಪಟ್ಟಿ ಎಲ್ಲೂ ಹೋಗಿಲ್ರೀ, ಡಿಸ್ಕಿನಾಗ ಹಂಗ ಐತಿ. ಅದನ್ನ ಓದೂ ಕನ್ನಡಕ ಅಷ್ಟ ಒಡದೈತಿ. ಗಾಬರಿ ಆಗಬ್ಯಾಡ್ರಿ" ಎಂದು ಒಂದೊಂದೇ ಹೆಜ್ಜೆ ಹೇಳಿದ. ಅನುಸ್ಥಾಪನೆಯ ಹಳೆಯ ಸಿಡಿಯಿಂದ ಯಂತ್ರ ಆರಂಭಿಸಿದೆ. ನಮ್ಮ ಡಿಸ್ಕನ್ನು ಅದಕ್ಕೆ ಜೋಡಿಸಿದೆ. ಸಿಡಿಯಲ್ಲಿದ್ದ ಐದನೆಯ ಸಂಖ್ಯೆಯ ಗ್ರಂಥಾಲಯದ ಕಡತವನ್ನು ನಮ್ಮ ಡಿಸ್ಕಿಗೆ ನಕಲು ಮಾಡಿದೆ. ಮತ್ತೆ ಆರಂಭಿಸಿದಾಗ ಎಲ್ಲವೂ ಎದ್ದು ಕುಳಿತವು! ಅದಾದ ಮೇಲೆ ಐದು ರಾತ್ರಿ, ಹಾಳೆಯಲ್ಲಿದ್ದ ಕ್ರಮದಂತೆಯೇ, ಎಲ್ಲವನ್ನೂ ಹೊಸದರಿಂದ ಕಟ್ಟಿದೆ. ಕೊನೆಗೆ ಹಳೆಯದನ್ನು ತೆಗೆದಾಗ ಏನೂ ಆಗಲಿಲ್ಲ.

ಪಟ್ಟಿ ಸುರಕ್ಷಿತವಾಗಿದೆಯೇ ಎಂದು ಅಂದು ತೆರೆದಾಗ ಮೊದಲು ಕಂಡದ್ದು 1976ರ ಐದನೆಯ ತರಗತಿ. ಅದರಲ್ಲಿ ಒಬ್ಬ ಹುಡುಗನ ಹೆಸರಿನ ಮುಂದೆ "ಶಾಲೆ ಬಿಟ್ಟ" ಎಂದು ನಾನೇ ಬರೆದಿದ್ದೆ. ಏಕೆ ಬಿಟ್ಟನೆಂದು ಬರೆದಿರಲಿಲ್ಲ.

ಈಗ ಬರೆಯುತ್ತೇನೆ. ಆ ತರಗತಿಗೆ ನನಗಿಂತ ಮೊದಲು ಗಣಿತ ಹೇಳುತ್ತಿದ್ದ ಹಿರಿಯ ಮಾಸ್ತರರು ಕಾಲು, ಅರೆ, ಮುಕ್ಕಾಲು, ಸವಾ, ದೀಡಿನ ಮಗ್ಗಿಗಳನ್ನು ಬಾಯಿಪಾಠ ಮಾಡಿಸಿದ್ದರು. ಅವರು ನಿವೃತ್ತರಾಗಿ, ವರ್ಷದ ನಡುವೆ ತರಗತಿ ನನ್ನ ಕೈಗೆ ಬಂತು. ಆಣೆಗಳು ಹೋಗಿ 1957ರಲ್ಲಿಯೇ ನಯೇ ಪೈಸೆ ಬಂದಾಗಿದೆ, ಸೇರು ಹೋಗಿ ಕಿಲೋ ಬಂದಾಗಿದೆ, ಇನ್ನು ಈ ಮಗ್ಗಿಗಳೇಕೆ ಎಂದು ನಾನು ಮೊದಲ ದಿನವೇ ಅವನ್ನು ನಿಲ್ಲಿಸಿದೆ. ಎಲ್ಲರೂ ದಶಾಂಶದಲ್ಲಿಯೇ ಮಾಡಬೇಕೆಂದೆ. ಹೊಸ ಕ್ರಮ ಸರಿಯಾದದ್ದೇ, ಅದರಲ್ಲಿ ಇಂದಿಗೂ ನನಗೆ ಸಂದೇಹವಿಲ್ಲ. ಆದರೆ ಮೆಣಸಿನಕಾಯಿ ವ್ಯಾಪಾರದ ಮನೆಯ ಆ ಹುಡುಗನ ಲೆಕ್ಕವೆಲ್ಲ ಆ ಮಗ್ಗಿಗಳ ಮೇಲೆಯೇ ನಿಂತಿತ್ತು. "ಹನ್ನೆರಡು ದೀಡ್ಲೆ ಹದಿನೆಂಟು" ಎಂದು ಕಣ್ಣು ಮಿಟುಕಿಸುವುದರೊಳಗೆ ಹೇಳುತ್ತಿದ್ದವನು ದಶಾಂಶದ ಚುಕ್ಕಿಯ ಮುಂದೆ ಮೂಕನಾದ. ಬಾಯಿಲೆಕ್ಕ ಹೇಳಿದಾಗಲೆಲ್ಲ ನಾನು ಗದರಿದೆ. ಒಮ್ಮೆ ಬೆಂಚಿನ ಮೇಲೆ ನಿಲ್ಲಿಸಿದೆ. ದೀಪಾವಳಿಯ ರಜೆಗೆ ಹೋದವನು ಮರಳಿ ಬರಲಿಲ್ಲ. ದಡ್ಡನೆಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಹೊಸದನ್ನು ಅವನ ಮೇಲೆ ಕಟ್ಟುವ ಮೊದಲೇ ಹಳೆಯದನ್ನು ಕಿತ್ತಿದ್ದೆ ಎಂಬುದು ಮೂವತ್ತು ವರ್ಷಗಳ ಮೇಲೆ, ಒಂದು ಯಂತ್ರ ನನ್ನ ಮೇಲೆ ಸಿಟ್ಟು ಮಾಡಿದ ಮೇಲೆ ಹೊಳೆಯಿತು.

ಆ ವರ್ಷವೇ ಸಂತೆಯಲ್ಲಿ ಅವನನ್ನು ಹುಡುಕಿಕೊಂಡು ಹೋದೆ. ಮೆಣಸಿನಕಾಯಿ ಚೀಲಗಳ ನಡುವೆ ಕುಳಿತಿದ್ದ. ಗುರುತು ಹಿಡಿದು ಎದ್ದು ನಿಂತ, ಚಹಾ ತರಿಸಿದ. ಹೇಳಬೇಕಾದುದನ್ನು ಹೇಳಿದೆ. ಅವನು ನಕ್ಕ. "ಅದಕ್ಯಾಕ ಮನಸ್ಸಿಗೆ ಹಚ್ಚಿಕೊಂತೀರಿ ಸರ್ರ. ಆ ಮಗ್ಗಿನ ಇವತ್ತಿಗೂ ನನ್ನ ಹೊಟ್ಟಿ ತುಂಬಸ್ತಾವು" ಎಂದ. ನನಗೆ ಹಗುರವಾಯಿತು. ಸ್ವಲ್ಪ ತಡೆದು, ಚೀಲದ ಬಾಯಿ ಕಟ್ಟುತ್ತಾ ಅವನೇ ಅಂದ: "ಬ್ಯಾಂಕಿನಾಗ ಕಾಗದಾ ಕೊಟ್ರ ಮಾತ್ರ ಇನ್ನೂ ಮಗನ ಕಡೆ ಓದಿಸ್ಕೊಂತೀನ್ರೀ." ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ.

ಜೆಂಟೂ ಈಗ ಬಹಳ ಸುಧಾರಿಸಿದೆ. 2023ರ ಡಿಸೆಂಬರಿನಿಂದ ಸಿದ್ಧ ಪೊಟ್ಟಣಗಳನ್ನೂ ಹೇರಳವಾಗಿ ಕೊಡುತ್ತಿದ್ದಾರೆ. ಆದರೂ ಏರಿಕೆಯ ತೊಡಕು ತಪ್ಪಿಲ್ಲ. 2015ರ ಜಿಸಿಸಿ 5ರಲ್ಲಿ ಗ್ರಂಥಾಲಯದ ಕಟ್ಟಳೆ ಮತ್ತೊಮ್ಮೆ ಬದಲಾಯಿತು, ಆದರೆ ಈ ಸಲ ಹಳೆಯದನ್ನೂ ಹೊಸದನ್ನೂ ಒಂದೇ ಗ್ರಂಥಾಲಯದೊಳಗೆ ಇಟ್ಟರು. 2024ರ ಜಿಸಿಸಿ 14, ಮೊದಲು ಬರಿಯ ಎಚ್ಚರಿಕೆ ಕೊಟ್ಟು ಬಿಡುತ್ತಿದ್ದ ಕೆಲವು ಸಡಿಲ ಬರವಣಿಗೆಗಳನ್ನು ತಪ್ಪೆಂದೇ ತಿರಸ್ಕರಿಸತೊಡಗಿತು. ಹಾಗಾಗಿ ಎಷ್ಟೋ ಹಳೆಯ ತಂತ್ರಾಂಶಗಳನ್ನು ತಿದ್ದಬೇಕಾಯಿತು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇನ್ನೊಂದು ಸುಧಾರಣೆ. ಯಾವುದೇ ಗ್ರಂಥಾಲಯದ ಹೊಸ ಆವೃತ್ತಿ ಬಂದಾಗ, ಹಳೆಯದನ್ನು ಇನ್ನೂ ಯಾರಾದರೂ ಅವಲಂಬಿಸಿದ್ದರೆ ಯಂತ್ರ ಅದನ್ನು ತಾನಾಗಿಯೇ ಕಾಯ್ದಿಟ್ಟುಕೊಳ್ಳುತ್ತದೆ. ಇಂತಿಂಥವರು ಇನ್ನೂ ಹಳೆಯದನ್ನು ನಂಬಿದ್ದಾರೆ, ಅವರನ್ನು ಮೊದಲು ಹೊಸದರಿಂದ ಕಟ್ಟಿರಿ ಎಂದು ಪಟ್ಟಿ ಕೊಡುತ್ತದೆ. ಕೊನೆಯವನೂ ದಾಟಿದ ಮೇಲೆಯೇ ಹಳೆಯದು ಹೋಗುತ್ತದೆ.

ನಿಮ್ಮಲ್ಲಿ ಹಲವರು ಈಗ ಶಿಕ್ಷಕರಾಗಿದ್ದೀರಿ. ಪಠ್ಯ ಬದಲಾಗುತ್ತದೆ, ಕ್ರಮ ಬದಲಾಗುತ್ತದೆ, ಬದಲಾಗಲೇಬೇಕು. ವರ್ಷದ ನಡುವೆ ಹೊಸ ತರಗತಿ ಕೈಗೆ ಬಂದರೆ, ಹಿಂದಿನವರು ಕಲಿಸಿದ್ದನ್ನು ಅಳಿಸುವ ಮೊದಲು ಅದರ ಮೇಲೆ ಯಾವ ಮಗು ನಿಂತಿದೆಯೆಂದು ಒಮ್ಮೆ ನೋಡಿರಿ. ನಾನು ನೋಡಲಿಲ್ಲ.

ಅಂದಹಾಗೆ, ಹೆಸರುಗಳ ಪಟ್ಟಿಗೆ ಈಗ ಮೂರು ಪ್ರತಿಗಳಿವೆ. ಆ ಹುಡುಗನ ಹೆಸರಿನ ಮುಂದಿನ ಟಿಪ್ಪಣಿಯನ್ನು ತಿದ್ದಿದ್ದೇನೆ. "ಶಾಲೆ ಬಿಟ್ಟ" ಎಂದು ಇದ್ದದ್ದು ಈಗ "ನಾನು ಶಾಲೆ ಬಿಡಿಸಿದೆ" ಎಂದು ಇದೆ.