ಜನಾದೇಶ ಯಾರಿಗಿತ್ತು?

ಕರ್ನಾಟಕದ 2018ರ ವಿಧಾನಸಭಾ ಚುನಾವಣೆಯ ಮಾತು ಬಂದರೆ ಸಾಕು, ಜಾಲತಾಣಗಳಲ್ಲಿ ಜಗಳ ಶುರು. ‘ಜನ ಬಿಜೆಪಿಯನ್ನೇ ಆರಿಸಿದ್ದರು’ ಎಂದು ಒಬ್ಬರು. ‘ಹೆಚ್ಚು ಮತ ಬಿದ್ದದ್ದು ಕಾಂಗ್ರೆಸ್ಸಿಗೆ’ ಎಂದು ಇನ್ನೊಬ್ಬರು.

ತಮಾಷೆ ಏನೆಂದರೆ, ಇಬ್ಬರ ಕೈಯಲ್ಲೂ ಇರುವುದು ಸರಿಯಾದ ಅಂಕಿಯೇ. ಬಿಜೆಪಿ ಸುಮಾರು ಶೇ 36ರಷ್ಟು ಮತ ಪಡೆದು 104 ಸ್ಥಾನ ಗೆದ್ದಿತು. ಶೇ 38ರಷ್ಟು ಮತ ಪಡೆದ ಕಾಂಗ್ರೆಸ್ 80ರ ಆಸುಪಾಸಿನಲ್ಲೇ ನಿಂತಿತು. ಏಕೆಂದರೆ ಒಂದು ಕ್ಷೇತ್ರವನ್ನು ಐವತ್ತು ಸಾವಿರ ಮತಗಳ ಅಂತರದಲ್ಲಿ ಗೆದ್ದರೂ, ಐನೂರರ ಅಂತರದಲ್ಲಿ ಗೆದ್ದರೂ ಸಿಗುವುದು ಒಂದೇ ಸ್ಥಾನ. 2023ರಲ್ಲಿ ಬಿಜೆಪಿಯ ಮತಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಉಳಿಯಿತು, ಸ್ಥಾನಗಳು ಮಾತ್ರ 66ಕ್ಕೆ ಕುಸಿದವು.

ಇಷ್ಟೂ ಸಂಗತಿಗಳು ಚುನಾವಣಾ ಆಯೋಗದ ದಾಖಲೆಯಲ್ಲಿವೆ. ‘ಜನ ತಿರಸ್ಕರಿಸಿದರು’, ‘ನೈತಿಕ ಗೆಲುವು ನಮ್ಮದೇ’ ಎಂಬ ಮಾತುಗಳು ಆ ದಾಖಲೆಯಲ್ಲಿಲ್ಲ. ಅವು ಅಭಿಪ್ರಾಯಗಳು.

ಸಂಗತಿ ಯಾವುದು, ಅಭಿಪ್ರಾಯ ಯಾವುದು ಎಂಬ ಈ ಗೊಂದಲ ನಮ್ಮಲ್ಲಷ್ಟೇ ಇಲ್ಲ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2018ರಲ್ಲಿ ಅಲ್ಲಿನ ಐದು ಸಾವಿರಕ್ಕೂ ಹೆಚ್ಚು ವಯಸ್ಕರ ಮುಂದೆ ಐದು ಸಂಗತಿ, ಐದು ಅಭಿಪ್ರಾಯಗಳನ್ನಿಟ್ಟು ವಿಂಗಡಿಸಲು ಹೇಳಿತು. ಐದೂ ಸಂಗತಿಗಳನ್ನು ಸರಿಯಾಗಿ ಗುರುತಿಸಿದವರು ಶೇ 26 ಮಂದಿ ಮಾತ್ರ. ತಮ್ಮ ಪಕ್ಷಕ್ಕೆ ಹಿತವಾದ ಹೇಳಿಕೆ ಕಂಡಾಗ, ಅದು ಅಭಿಪ್ರಾಯವಾಗಿದ್ದರೂ ಸಂಗತಿಯೆಂದು ನಂಬುವ ಒಲವು ಅಲ್ಲಿನ ಎರಡೂ ಪ್ರಮುಖ ಪಕ್ಷಗಳವರಲ್ಲಿ ಕಂಡಿತು.

ಸಂಗತಿಯ ರೂಪದಲ್ಲಿರುವ ಮಾತು ಸುಳ್ಳೂ ಆಗಿರಬಹುದು. ಆದರೆ ಅದನ್ನು ಪರೀಕ್ಷಿಸಲು ಬರುತ್ತದೆ. ವಾದಕ್ಕಿಳಿಯುವ ಮುನ್ನ ಇದೊಂದನ್ನು ಕೇಳಿಕೊಳ್ಳಿ: ದಾಖಲೆ ತೆಗೆದು ನೋಡಿದರೆ ಈ ಜಗಳ ಮುಗಿಯುತ್ತದೆಯೇ?