ಶಾಲಾ ನಾಯಕರ ತರಬೇತಿ

ಮುಖ್ಯಾಧ್ಯಾಪಕರ ತರಬೇತಿಯ ಆದೇಶ ಬಂದ ದಿನವೇ ನಾವು ಒಂದು ಸಣ್ಣ ಎಡವಟ್ಟು ಮಾಡಿಕೊಂಡೆವು. ಮರಾಠಿಯಲ್ಲಿ ‘ಶಾಲೇಯ ನೇತೃತ್ವ ಪ್ರಶಿಕ್ಷಣ’ ಎಂದಿದ್ದುದನ್ನು ಶಾಲೆಯ ಫಲಕದ ಮೇಲೆ ‘ಶಾಲಾ ನಾಯಕರ ತರಬೇತಿ, ಎರಡು ದಿನ’ ಎಂದು ಬರೆದೆವು. ಮಧ್ಯಾಹ್ನ ಊಟದ ಹೊತ್ತಿಗೆ ಐದನೆಯ ಇಯತ್ತೆಯ ಹುಡುಗನೊಬ್ಬ ಮುಖ ಸಣ್ಣದು ಮಾಡಿಕೊಂಡು ಬಂದು ನಿಂತ. ಚೀಟಿ ಹಾಕಿ ಮಕ್ಕಳೇ ಆರಿಸಿದ ಶಾಲಾ ನಾಯಕ ಅವನು. "ಸರ್, ನಾ ಒಬ್ಬನ ಹೋಗಬೇಕೇನ್ರಿ? ನಮ್ಮವ್ವ ಕಳಸೂದಿಲ್ರಿ" ಅಂದ. ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ಆದರೆ ಅದೇ ತಿಂಗಳಲ್ಲಿ, ಅಂದರೆ 2023ರ ಸೆಪ್ಟೆಂಬರಿನಲ್ಲಿ, ಮರಾಠಿಯಿಂದ ಕನ್ನಡಕ್ಕೆ ಬರುವ ದಾರಿಯಲ್ಲಿ ನಾವು ಇನ್ನೊಮ್ಮೆ ಎಡವಿದೆವು. ಆಗ ನಗು ಬರಲಿಲ್ಲ.

ನಮ್ಮದು ಸಾಂಗಲಿ ಜಿಲ್ಲೆ ಜತ್ತ ತಾಲೂಕಿನ ಕನ್ನಡ ಮಾಧ್ಯಮದ ಜಿಲ್ಲಾ ಪರಿಷದ ಶಾಲೆ. ಆ ವರ್ಷ 63 ಮಕ್ಕಳು, ಮೂವರು ಶಿಕ್ಷಕರು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೆಯವರೆಗಿನ ಶಾಲೆಗೆ ಬೇರೆ ಮುಖ್ಯಾಧ್ಯಾಪಕರು ಬೇಕಾದರೆ ಮಕ್ಕಳು 150 ದಾಟಿರಬೇಕು. ಹೀಗಾಗಿ ಚಾರ್ಜು ನಮ್ಮ ಕಡೆ. ಪಾಠ ಹೇಳುವುದು, ಅಕ್ಕಿ ಬೇಳೆಯ ಲೆಕ್ಕ, ಆನ್‌ಲೈನ್ ಮಾಹಿತಿ ಎಲ್ಲ ಒಂದೇ ತಲೆಯ ಮೇಲೆ. ಮುಖ್ಯಾಧ್ಯಾಪಕರು ತರಬೇತಿಗೆ ಹೋದರೆ ಐದು ಇಯತ್ತೆ ಇಬ್ಬರ ಪಾಲಿಗೆ ಬಂತೆಂದೇ ಲೆಕ್ಕ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರಿಗೂ ಮುಖ್ಯಾಧ್ಯಾಪಕರಿಗೂ ವರ್ಷಕ್ಕೆ ಕನಿಷ್ಠ 50 ತಾಸು ಇಂಥ ಕಲಿಕೆ ಆಗಬೇಕು ಅನ್ನುತ್ತದೆ. ಆಗಲಿ, ಬೇಡ ಅನ್ನುವವರು ನಾವಲ್ಲ. ಆ 50 ತಾಸು ಯಾವ ಭಾಷೆಯಲ್ಲಿ ಅನ್ನುವುದೇ ನಮ್ಮ ತಕರಾರು.

ನಮ್ಮ ಮಕ್ಕಳಿಗೆ ಪುಸ್ತಕ ಕನ್ನಡದಲ್ಲೇ ಬರುತ್ತದೆ. ಪುಣೆಯ ಬಾಲಭಾರತಿ 1967ರಲ್ಲಿ ಶುರುವಾದದ್ದು. ಮರಾಠಿ, ಉರ್ದು, ಗುಜರಾತಿ, ಸಿಂಧಿ ಎಲ್ಲ ಸೇರಿ ಎಂಟು ಭಾಷೆಗಳಲ್ಲಿ ಪಠ್ಯಪುಸ್ತಕ ತೆಗೆಯುತ್ತದೆ, ಅದರಲ್ಲಿ ಕನ್ನಡವೂ ಒಂದು. ಈ ವಿಷಯದಲ್ಲಿ ಮಹಾರಾಷ್ಟ್ರ ಸರಕಾರವನ್ನು ಹೊಗಳಲೇಬೇಕು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ಕಲಮು ಹೇಳುವುದೂ ಅದನ್ನೇ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸಲು ಅನುಕೂಲ ಮಾಡಿಕೊಡಬೇಕು ಎಂದು. ಆದರೆ ಆ ಮಕ್ಕಳಿಗೆ ಕಲಿಸುವವರನ್ನು ಯಾವ ನುಡಿಯಲ್ಲಿ ತಯಾರು ಮಾಡಬೇಕು? ಆ ಕಲಮು ಅಷ್ಟು ದೂರ ಹೋಗಿಲ್ಲ. ನಾವು ಹೋದ ತರಬೇತಿಗಳೆಲ್ಲ ಮರಾಠಿಯಲ್ಲೇ ನಡೆದವು.

ನಮಗೆ ಮರಾಠಿ ಬರುವುದಿಲ್ಲವೆಂದಲ್ಲ. ಪೇಟೆ, ಎಸ್.ಟಿ. ಗಾಡಿ, ಆಫೀಸು ಎಲ್ಲ ಕಡೆ ಅದೇ ಅಲ್ಲವೇ! ಆದರೆ ನಾವು ವಿಜಾಪುರದ ಕಡೆ ಎರಡು ವರ್ಷ ಟಿ.ಸಿ.ಎಚ್. ಮಾಡಿದ್ದು ಪೂರ್ತಿ ಕನ್ನಡದಲ್ಲಿ. ಶಾಲೆಯ ಕೆಲಸದ ಶಬ್ದಗಳು ತಲೆಯಲ್ಲಿ ಕೂತಿರುವುದು ಕನ್ನಡದಲ್ಲೇ. ಪೇಚು ಇರುವುದು ಎರಡೂ ಭಾಷೆಯಲ್ಲಿ ಒಂದೇ ಥರ ಕಾಣುವ ಶಬ್ದಗಳಲ್ಲಿ. ಮರಾಠಿಯ ‘ನಿಯೋಜನ’ ಅಂದರೆ ಯೋಜನೆ ಹಾಕಿಕೊಳ್ಳುವುದು. ಕರ್ನಾಟಕದ ಶಿಕ್ಷಕರಿಗೆ ‘ನಿಯೋಜನೆ’ ಅಂದರೆ ಬೇರೆ ಶಾಲೆಗೆ ಕಳಿಸುವುದು. ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಮರಾಠಿಯಲ್ಲಿ ‘ಪಟ’ ಅಂದರೆ ದಾಖಲಾದ ಮಕ್ಕಳ ಸಂಖ್ಯೆ, ನಮ್ಮ ಮಕ್ಕಳಿಗೆ ಅದು ಗಾಳಿಪಟ. ಇನ್ನು 2018ರಲ್ಲಿ ಬಂದ ‘ಸಮಗ್ರ ಶಿಕ್ಷಾ’ ಯೋಜನೆಯ ಹೆಸರು ಹಿಂದಿಯವರಿಗೆ ಸರಿ, ಕನ್ನಡದವರಿಗೂ ಮರಾಠಿಯವರಿಗೂ ಪೂರ್ತಿ ಶಿಕ್ಷೆ ಕೊಟ್ಟಂತೆ ಕೇಳಿಸುತ್ತದೆ! ಈ ಒಂದು ವಿಷಯದಲ್ಲಿ ನಾವೂ ಮರಾಠಿ ಗುರುಗಳೂ ಕೂಡಿಯೇ ನಗುತ್ತೇವೆ.

ಆ ಎರಡು ದಿನದ ತರಬೇತಿ ಕೆಟ್ಟದ್ದಾಗಿರಲಿಲ್ಲ. ಶಾಲಾ ವ್ಯವಸ್ಥಾಪನ ಸಮಿತಿಯ ಬಗ್ಗೆ ಮಾತಾಡಿದ ಗುರುಗಳು ಬಹಳ ಚಲೋ ಹೇಳಿದರು. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರು, ಅರ್ಧದಷ್ಟು ಹೆಂಗಸರು ಇರಬೇಕು, ಶಾಲೆಯ ಅಭಿವೃದ್ಧಿ ಯೋಜನೆಯನ್ನು ಅವರೇ ಕೂತು ಮಾಡಬೇಕು ಎಂಬುದು ನಮಗೂ ಗೊತ್ತಿತ್ತು. ಸಹಿ ಮಾಡಿ ಸುಮ್ಮನೆ ಏಳುವ ತಾಯಂದಿರನ್ನು ಮಾತಾಡಿಸುವುದು ಹೇಗೆ ಅನ್ನುವುದನ್ನು ಅವರು ತಮ್ಮ ಶಾಲೆಯ ಕಥೆ ಹೇಳಿ ತೋರಿಸಿದರು. ಅದನ್ನು ಬರೆದುಕೊಳ್ಳುತ್ತ, ಒಂದೊಂದಕ್ಕೂ ಕನ್ನಡ ಶಬ್ದ ಹುಡುಕುತ್ತ ಕೂತಿದ್ದಾಗ ಮುಂದಿನ ಗುರುಗಳು ಬಂದು ಸಂಚಮಾನ್ಯತೆಯ ಮಾತು ಶುರು ಮಾಡಿಬಿಟ್ಟಿದ್ದರು.

ಸಂಚಮಾನ್ಯತೆ ಅಂದರೆ ಸಪ್ಟೆಂಬರ್ 30ರ ಮಕ್ಕಳ ಸಂಖ್ಯೆ ನೋಡಿ ಶಾಲೆಗೆ ಎಷ್ಟು ಶಿಕ್ಷಕರು ಎಂದು ಮಂಜೂರು ಮಾಡುವುದು. ಆಗಿನ ಲೆಕ್ಕದಲ್ಲಿ 60ರವರೆಗೆ ಇಬ್ಬರು, 61 ಆದರೆ ಮೂವರು ಎಂದಿತ್ತು. ಗುರುಗಳು ಹೇಳಿದ್ದು ‘ಆಧಾರ ವೈಧ’ ವಿದ್ಯಾರ್ಥಿಗಳನ್ನಷ್ಟೇ ಎಣಿಸುತ್ತಾರೆ ಎಂದು. ನಮ್ಮ ಡೈರಿಯಲ್ಲಿ ಬರೆದದ್ದು ‘ಆಧಾರ ಇರಬೇಕು’ ಎಂದು. ನಮ್ಮ 63 ಮಕ್ಕಳಿಗೂ ಆಧಾರ ಇತ್ತಲ್ಲ, ನಿಶ್ಚಿಂತೆಯಿಂದ ಇದ್ದೆವು. 30ನೇ ತಾರೀಖು ನಾಲ್ಕು ದಿನ ಇದ್ದಾಗ ಯಾದಿ ತೆಗೆದು ನೋಡಿದರೆ ಐದು ಹೆಸರುಗಳ ಮುಂದೆ ‘ಅವೈಧ’. 63ರಲ್ಲಿ ಐದು ಹೋದರೆ 58. ಮೂರನೆಯ ಶಿಕ್ಷಕರು ಹೋದಂತೆಯೇ. ನಮ್ಮ ಶಾಲೆಗೆ ಬಂದು ಎರಡು ವರ್ಷವೂ ಆಗಿರದ ಆ ಶಿಕ್ಷಕಿ ಏನೂ ಮಾತಾಡದೆ ಒಂದನೆಯ ಇಯತ್ತೆಯ ಕೋಣೆಗೆ ಹೋದರು. ಆ ಹೊತ್ತು ನಮಗೆ ತಲೆ ಎತ್ತಲಾಗಲಿಲ್ಲ.

ಎರಡು ತಪ್ಪು ನಮ್ಮವೇ. ಊರೆಲ್ಲ ದಾನವ್ವ ಎಂದು ಕರೆಯುವ ಹುಡುಗಿಯನ್ನು ನಾವೂ ಆನ್‌ಲೈನಿನಲ್ಲಿ ದಾನವ್ವ ಎಂದೇ ಹಾಕಿದ್ದೆವು, ಆಧಾರದಲ್ಲಿ ದಾನಮ್ಮ. ಒಬ್ಬ ಹುಡುಗನ ಹುಟ್ಟಿದ ತಿಂಗಳು ಅದಲು ಬದಲಾಗಿತ್ತು. ಅವೆರಡನ್ನೂ ಆ ಸಂಜೆಯೇ ಸರಿ ಮಾಡಿದೆವು. ಮೂರನೆಯವನ ಕಾರ್ಡು ಅಪ್ಪನ ಹತ್ತಿರ, ಅಪ್ಪ ಕುರಿಯ ಸಂಗಡ ಅಡವಿಯಲ್ಲಿ. ಗಾಡಿ ಹೊಡೆದುಕೊಂಡು ಹೋಗಿ ಹುಡುಕಿದೆವು. "ಆಧಾರ ನಂಬರ ಕೊಟ್ಟೀವಲ್ರಿ ಸರ, ಮತ್ತ್ಯಾಕ್ರಿ?" ಅನ್ನುತ್ತಲೇ ಅವರು ಚೀಲದಿಂದ ಕಾರ್ಡು ತೆಗೆದು ಕೊಟ್ಟರು. ಅವರಿಗೆ ಏನು ಹೇಳುವುದು? ಅವರೂ ನಮ್ಮ ಹಾಗೆಯೇ ಇದ್ದರೆ ಸಾಕು ಅಂದುಕೊಂಡವರು.

ಉಳಿದ ಇಬ್ಬರದು ಕಾರ್ಡಿನಲ್ಲೇ ತಪ್ಪು. ಅವರ ಮನೆಗೆ ಕೀಲಿ ಹಾಕಿತ್ತು, ದುಡಿಯಲು ಹೋಗಿದ್ದರು. 61ಕ್ಕೆ ನಿಂತೆವು. ಒಂದೇ ಒಂದು ಮಗುವಿನ ಅಂತರದಲ್ಲಿ ಶಿಕ್ಷಕಿ ಉಳಿದರು. ಆ ಅಕ್ಕ ತಂಗಿ ಮಾರ್ಚಿನಲ್ಲಿ ತಿರುಗಿ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತಾಗ ಹಾಜರಿ ಹೇಳಿದರು. ಲೆಕ್ಕದಲ್ಲಿ ತಾವು ಇರಲಿಲ್ಲವೆಂಬುದು ಅವರಿಗೆ ಗೊತ್ತಿಲ್ಲ, ನಾವು ಹೇಳಲೂ ಇಲ್ಲ.

ಅಂದಿನಿಂದ ಸುತ್ತಮುತ್ತಲಿನ ಆರು ಕನ್ನಡ ಶಾಲೆಗಳ ಚಾರ್ಜು ಇರುವವರು ತರಬೇತಿ ಮುಗಿದ ಮೊದಲ ಶನಿವಾರ, ಬೆಳಗಿನ ಶಾಲೆ ಬಿಟ್ಟ ಮೇಲೆ, ಒಂದು ಕಡೆ ಸೇರುತ್ತೇವೆ. ಆರೂ ಡೈರಿ ತೆರೆದು ತಾಳೆ ನೋಡಿ ಕನ್ನಡದಲ್ಲಿ ಒಂದು ಪುಟ ಬರೆಯುತ್ತೇವೆ, ಮರಾಠಿ ಶಬ್ದ ಎಡಕ್ಕೆ, ನಮ್ಮ ಮಾತು ಬಲಕ್ಕೆ. ಜಗಳವೂ ಆಗುತ್ತದೆ. ಬಾಲಭಾರತಿಗೆ ಕನ್ನಡ ಪುಸ್ತಕ ಬರೆಯುವವರು ನಮ್ಮ ರಾಜ್ಯದಲ್ಲಿ ಇದ್ದಾರೆಂದ ಮೇಲೆ ತರಬೇತಿಯಲ್ಲಿ ಅರ್ಧ ದಿನ ಕನ್ನಡದಲ್ಲಿ ಹೇಳುವವರು ಸಿಗುವುದಿಲ್ಲವೇ ಎಂದು ಅರ್ಜಿಯನ್ನೂ ಕೊಟ್ಟಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಬರುವ ಶನಿವಾರ ನಮ್ಮ ಶಾಲೆಯ ಪಾಳಿ, ಚುರುಮುರಿ ನಮ್ಮ ಕಡೆಯಿಂದ. ಹತ್ತಿರದ ಶಾಲೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಡೈರಿ ಹಿಡಿದುಕೊಂಡು ಬನ್ನಿ.