ಸೋಗೆ ಕಟ್ಟಿ ಮಳೆಗೆ ನಿಂತ ಮನೆ

ಸೋಮೇಶ್ವರ ದಾಟಿ ಘಾಟಿ ಹತ್ತತೊಡಗಿದಂತೆ ಬಸ್ಸಿನ ಗಾಜಿನಾಚೆಯ ಹಸಿರೆಲ್ಲ ಮಂಜಿನಲ್ಲಿ ಕರಗುತ್ತದೆ. ತಿರುವು ತಿರುವಿಗೂ ಹೊಸದೊಂದು ಝರಿ ಬಂಡೆಯಿಂದ ರಸ್ತೆಗೇ ಧುಮುಕುತ್ತದೆ. ಆಗುಂಬೆಯಲ್ಲಿ ಇಳಿದರೆ ಕೊಡೆ ಬಿಚ್ಚಿ ಪ್ರಯೋಜನವಿಲ್ಲ, ಮಳೆ ಅಡ್ಡಡ್ಡ ಬೀಸುತ್ತಿದೆ! ಅರಬ್ಬಿ ಸಮುದ್ರದ ತೇವ ಹೊತ್ತು ಬಂದ ಗಾಳಿ ಘಟ್ಟಕ್ಕೆ ಎದುರಾಗಿ, ಮೇಲೇರಿ, ತಣಿದು, ಹೊರೆಯನ್ನೆಲ್ಲ ಇಲ್ಲೇ ಇಳಿಸುತ್ತದೆ. 1946ರ ಆಗಸ್ಟ್ ತಿಂಗಳೊಂದರಲ್ಲೇ 4,508 ಮಿ.ಮೀ. ಸುರಿದ ದಾಖಲೆ ಈ ಊರಿನದು. ಅಷ್ಟು ಮಳೆ ಕಾಣಲು ಬೆಂಗಳೂರಿಗೆ ನಾಲ್ಕು ವರ್ಷವಾದರೂ ಬೇಕು.

ಜಂಬಿಟ್ಟಿಗೆಯ ಪಾಗಾರ ಹಿಡಿದು ನಡೆಯೋಣ ಬನ್ನಿ. ಕಲ್ಲಿನ ಕೆಂಪು ಪಾಚಿಯಡಿ ಮರೆಯಾಗಿದೆ. ಗದ್ದೆಯಲ್ಲಿ ಕೊಪ್ಪೆ ಹೊದ್ದ ಹೆಂಗಸರು ಬಗ್ಗಿ ಸಸಿ ನೆಡುತ್ತಿದ್ದಾರೆ. ಕಪ್ಪೆಗಳ ವಟವಟದ ನಡುವೆ ಅವರ ನಗು ಕೇಳುತ್ತದೆ. ಕಾಲಿಗೆ ಉಂಬಳ ಹತ್ತಿತೇ? ಚೂರು ಸುಣ್ಣ ಮುಟ್ಟಿಸಿ, ಉದುರಿಬೀಳುತ್ತದೆ.

ತೋಟದಾಚೆ ಹಂಚಿನ ಮನೆ. ಮಳೆ ಬಡಿಯುವ ಪಡುವಣ ಗೋಡೆ ಕಾಣಿಸುವುದೇ ಇಲ್ಲ. ಒಣ ಅಡಿಕೆ ಸೋಗೆಗಳನ್ನು ಒತ್ತೊತ್ತಾಗಿ ಬಿಗಿದ ತಟ್ಟಿ ಸೂರಿನಿಂದ ನೆಲದವರೆಗೆ ಇಳಿದಿದೆ. ಹತ್ತಿರ ಹೋಗಿ ನೋಡುತ್ತೇನೆ. ಹೊರಗಿನ ಗರಿಗಳ ತುದಿಯಲ್ಲಿ ನೀರು ಎಳೆಯೆಳೆಯಾಗಿ ಜಾರುತ್ತಿದೆ. ಒಳಗೆ ಬೆರಳು ತೂರಿಸಿದರೆ ಮಣ್ಣಿನ ಗೋಡೆ ಗರಿಗರಿ ಒಣಗಿದೆ!

“ಒಳಗ್ ಬನ್ನಿ, ಒಲೆ ಹತ್ರ ಕೂತ್ಕಳಿ” ಎನ್ನುತ್ತಾರೆ ಮನೆಯ ಅಜ್ಜಿ. ಬಚ್ಚಲೊಲೆಯಲ್ಲಿ ದಪ್ಪ ಕುಂಟೆ ಉರಿಯುತ್ತಿದೆ, ಹಂಡೆ ಗುಯ್‌ಗುಡುತ್ತಿದೆ. ಮೇಲಿನ ಬಿದಿರ ಗಳುಗಳಲ್ಲಿ ಹರವಿದ ಬಟ್ಟೆಗಳಿಂದ ಹೊಗೆಯ ಘಮ. ಅಜ್ಜಿ ಕೆಂಡದ ಮೇಲೆ ಹಲಸಿನ ಹಪ್ಪಳ ಸುಡುತ್ತಾರೆ. ಅಂಚು ಮುದುಡಿ, ಬೊಬ್ಬೆಯೆದ್ದು, ಕ್ಷಣದಲ್ಲಿ ಹೊಂಬಣ್ಣಕ್ಕೆ ತಿರುಗುತ್ತದೆ. ಕರೆಂಟು ಹೋಗಿ ಎಷ್ಟು ದಿನವಾಯಿತೋ, ಯಾರಿಗೂ ಅದರ ಚಿಂತೆಯಿಲ್ಲ.

“ಅಜ್ಜೀ, ಇಂಥಾ ಮಳೇಲಿ ಹೇಗೆ ಇರ್ತೀರಿ?”

“ಎಲ್ಲಾ ಬ್ಯಾಸ್ಗೇಲೇ ಮಾಡಿಡ್ಬೇಕು. ಮಳೆ ಹಿಡ್ಕಂಡ್ಮೇಲೆ ಏನ್ ಮಾಡಕ್ಕಾಗತ್ತೆ?”

ಕೊಟ್ಟಿಗೆಯತ್ತ ಕಣ್ಣು ಹಾಯಿಸಿದಾಗ ಆ ಮಾತು ಪೂರ್ತಿ ಅರ್ಥವಾಗುತ್ತದೆ. ಸೂರು ಮುಟ್ಟುವ ಸೌದೆ ರಾಶಿ, ಹಿಂಡಿ ಚೀಲ, ಉಪ್ಪಿನಲ್ಲಿಟ್ಟ ಹಲಸಿನ ತೊಳೆಯ ಭರಣಿ. ಬಿಸಿಲಿದ್ದಾಗಲೇ ಹಂಚು ಕೈಯಾಡಿಸಿದ್ದಾರೆ, ತೋಟದ ನೀರು ಬಸಿಯುವ ಕಪ್ಪುಗಳ ಹೂಳೆತ್ತಿದ್ದಾರೆ, ಸೋಗೆ ಕಟ್ಟಿದ್ದಾರೆ. ನಾವು ಛತ್ರಿ ಹುಡುಕುವುದು ಮೊದಲ ಹನಿ ಬಿದ್ದ ಮೇಲೆ. ಮಲೆನಾಡಿನ ಮಳೆಗಾಲ ಮಾತ್ರ ಸುಡುಬಿಸಿಲಿನ ಮಾರ್ಚಿಯಲ್ಲೇ, ಈ ಮನೆಮಂದಿಯ ಕೈಗಳಲ್ಲಿ ಶುರುವಾಗುತ್ತದೆ.